ನಾಲ್ಕನೇ ನಂಬರಿನ ಟಪಾಲು ದಾರಿ

ಕೌಂಟಿ ಕಚೇರಿಯವರ ಪ್ರಕಾರ ಅದು ಊರಲ್ಲ.
ಮೇಯರ್ ಇಲ್ಲ, ಪುರಸಭೆ ಇಲ್ಲ, ಮೇರೆಗೆ ನೆಟ್ಟ ಕಲ್ಲಿಲ್ಲ.
ಬೀದಿದೀಪ ಒಂದಿದೆ,
ಅದರ ಬಿಲ್ಲು ಲವೋನ್ ಕುಬಿಚೆಕ್ ಕಟ್ಟುತ್ತಾಳೆ.
ಹತ್ತೊಂಬತ್ತು ವರ್ಷದಿಂದ ನಾನು
ಊರಲ್ಲದ ಆ ಊರಿಗೆ ಟಪಾಲು ಒಯ್ಯುತ್ತೇನೆ.
ಏಳು ಡಬ್ಬಿ. ಒಂದಕ್ಕೆ ಬಾಗಿಲಿರಲಿಲ್ಲ.

ನೆಬ್ರಾಸ್ಕಾದ ನಡುವೆ, ಹುಲ್ಲಿನ ದಿಬ್ಬಗಳು ಮುಗಿದು
ಮುಸುಕಿನ ಜೋಳ ಶುರುವಾಗುವ ಕಡೆ
ನೆಲ ಮಂಡಿ ಮಡಚಿ ಕೂತಂತೆ ಒಂದು ತಗ್ಗು.
ತಗ್ಗಿನಲ್ಲಿ ಹಳ್ಳ. ಹೆಸರು, ಮುರಿದಚ್ಚು.
ಒರೆಗಾನ್‌ಗೆ ಹೊರಟವನ ಗಾಡಿಯ ಅಚ್ಚು ಅಲ್ಲಿ ಮುರಿಯಿತು.
ಹೊಸ ಅಚ್ಚಿಗೆ ಮರ ಹುಡುಕುತ್ತ ಮೂರು ದಿನ ಅಲೆದ,
ಮರವೇ ಇರಲಿಲ್ಲ.
ಹುಲ್ಲುಬೇರಿನ ಮಣ್ಣನ್ನೇ ಇಟ್ಟಿಗೆಯಂತೆ ಕೊಯ್ದು
ಮನೆ ಕಟ್ಟಿದ. ಅಷ್ಟೇ, ಸ್ಥಳಪುರಾಣ.

ಅವನಿಗೂ ಮೊದಲು ಆ ದಾರಿಯಲ್ಲಿ
ಕಾಡೆಮ್ಮೆಗಳ ಬೆನ್ನು ಹತ್ತಿ
ವರ್ಷಕ್ಕೆರಡು ಸಲ ಪಾನೀ ಜನ ಹೋಗುತ್ತಿದ್ದರು.
ಹಳ್ಳಕ್ಕೆ ಅವರದ್ದೊಂದು ಹೆಸರಿತ್ತು.
ಅವರನ್ನು ದಕ್ಷಿಣಕ್ಕೆ ಸಾಗಹಾಕಿದ ಕಾಗದ ಭದ್ರವಾಗಿದೆ;
ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.

ಊರಿನ ಹೆಸರಿನ ಕತೆ ಬೇರೆ.
ಮೊದಲ ಅಂಚೆಯವ ಥೀರನ್ ಹೆಕ್ಸಮ್‌ಗೆ ಮಗಳಿದ್ದಳು, ವೆಲ್ಡಾ,
ಗಂಟಲು ಕಟ್ಟುವ ಜ್ವರದಲ್ಲಿ ನಾಲ್ಕು ತುಂಬುವ ಮೊದಲೇ ಹೋದಳು.
ಅಂಚೆಮನೆಗೆ ಅವಳ ಹೆಸರಿಡಿ ಎಂದು ವಾಷಿಂಗ್ಟನ್‌ಗೆ ಬರೆದ.
ಕೈ ನಡುಗಿತ್ತೋ, ಶಾಯಿ ಹೆಪ್ಪುಗಟ್ಟಿತ್ತೋ,
ಗುಮಾಸ್ತ ಮೊದಲಕ್ಷರವನ್ನು ಬೇರೆ ಓದಿದ.
ಮೊಹರು ಬಂತು: ನೆಲ್ಡಾ.
ಇಪ್ಪತ್ತಾರು ವರ್ಷ ಹೆಕ್ಸಮ್ ಅದನ್ನೇ
ಲಕೋಟೆಗಳ ಮೇಲೆ ಒತ್ತಿದ.
ಯಾಕೆ ತಿದ್ದಿಸಲಿಲ್ಲವೆಂದರೆ, ಲವೋನ್ ಅನ್ನುತ್ತಾಳೆ,
ಮಗಳ ಹೆಸರನ್ನು ಹಿಡಿದು ದಿನಕ್ಕೆ ಮೂವತ್ತು ಸಲ ಗುದ್ದುವುದು
ಅವನಿಂದ ಆಗುತ್ತಿರಲಿಲ್ಲ.

ಆಮೇಲೆ ರೈಲು ಬಂತು, ಎರಡು ಮೈಲಿ ಆಚೆಗೆ.
ಊರೇ ಎದ್ದು ರೈಲಿನ ಬಳಿಗೆ ಹೋಯಿತು,
ದಿಮ್ಮಿಗಳ ಮೇಲೆ ಉರುಳುತ್ತ ಹದಿನಾಲ್ಕು ಮನೆ,
ಚರ್ಚು, ಲಾಯ, ಕ್ಷೌರದಂಗಡಿ.
ಒಂದು ಮನೆಯಲ್ಲಿ ಒಲೆ ಆರಿಸಿರಲಿಲ್ಲವಂತೆ,
ಹೊಗೆ ಬಿಡುತ್ತಲೇ ಹೊಲ ದಾಟಿತಂತೆ.
ವೆಲ್ಡಾ ಮಾತ್ರ ಹಳೆಯ ಜಾಗದಲ್ಲೇ ಉಳಿದಳು,
ಕಲ್ಲಿನ ಮೇಲೆ, ತನ್ನ ಸರಿಯಾದ ಅಕ್ಷರದೊಂದಿಗೆ.

ಈಗ ರೈಲೂ ಇಲ್ಲ.
ಎಂಬತ್ತೆರಡರಲ್ಲಿ ಹಳಿ ಕಿತ್ತು ಗುಜರಿಗೆ ಹಾಕಿದರು.
ಕಾಳಿನ ಕಣಜ ನಿಂತಿದೆ, ಬೆಳ್ಳಗೆ, ಹತ್ತು ಮೈಲಿಗೂ ಕಾಣುತ್ತದೆ,
ಒಳಗೆ ಬರೀ ಪಾರಿವಾಳ.
ಡಾರೆಲ್ ಟೈಗ್‌ಗೆ ಎಂಬತ್ತೊಂಬತ್ತು.
ಇಲ್ಲಿ ಬಾ ಎನ್ನಲು ಕಾಡಿಲ್ಲ, ಹೋಗು ಎನ್ನಲು ಊರಿಲ್ಲ,
ಅದಕ್ಕೇ ಇನ್ನೂ ಇದ್ದೇನೆ
ಎಂದು ಹಲ್ಲಿನ ಸೆಟ್ಟು ತೆಗೆದು ನಗುತ್ತಾನೆ.

ಕಳೆದ ವರ್ಷ ಬಾಗಿಲಿಲ್ಲದ ಡಬ್ಬಿಯ ಮನೆಗೆ
ಒಕ್ಕಲು ಬಂತು: ಗ್ವಾಟೆಮಾಲಾದ ಚೋಕ್ ಸಂಸಾರ,
ಗಂಡ ಹೆಂಡತಿಗೆ ಹಂದಿ ಶೆಡ್ಡಿನಲ್ಲಿ ರಾತ್ರಿ ಪಾಳಿ.
ಮಗಳು ಬ್ರಿಸೇಯ್ಡಾ
ಬಿಸ್ಕತ್ತು ಬೇಯಿಸುವ ತಗಡಿನಿಂದ ಡಬ್ಬಿಗೆ ಬಾಗಿಲು ಮಾಡಿದಳು.
ಒಂದು ದಿನ ನನ್ನ ಗಾಡಿಗೆ ಅಡ್ಡ ನಿಂತಳು.
ಶಾಲೆಗೆ ಊರಿನ ನಕ್ಷೆ ಬರೆದೊಯ್ಯಬೇಕು,
ಇದು ಎಲ್ಲಿ ಮುಗಿಯುತ್ತೆ?

ಕಚೇರಿಯ ಮಾತು ಹೇಳಬಹುದಿತ್ತು.
ಹೇಳಿದೆ: ಡಾರೆಲ್‌ನ ನಾಯಿ ನೋಡಿದೀಯಲ್ಲ,
ಬೊಗಳುತ್ತ ನನ್ನ ಗಾಡಿಯ ಬೆನ್ನಟ್ಟುತ್ತೆ,
ಎಲ್ಲಿ ನಿಂತು, ಹಿಂಗಾಲಲ್ಲಿ ಮಣ್ಣು ಕೆರೆದು, ತಿರುಗುತ್ತೋ
ಅಲ್ಲಿಗೆ ನೆಲ್ಡಾ ಮುಗೀತು.
ಅವಳು ಕಂಬ ಎಣಿಸಿದಳು.
ಒಂಬತ್ತನೆಯದಕ್ಕೆ ಕೆಂಪು ಗೆರೆ.

ಈ ಚಳಿಗಾಲ ನಾಯಿಗೆ ಸೊಂಟ ಹಿಡಿದಿದೆ.
ಆರನೆಯ ಕಂಬಕ್ಕೇ ನಿಂತುಬಿಡುತ್ತದೆ,
ಬೊಗಳುವುದಿಲ್ಲ, ಸುಮ್ಮನೆ ನೋಡುತ್ತದೆ.
ನಾನು ಗಾಡಿ ನಿಧಾನ ಮಾಡುತ್ತೇನೆ.
ಮುಂದೆ, ಒಂಬತ್ತನೆಯ ಕಂಬಕ್ಕೊರಗಿ ಹುಡುಗಿ,
ಮಂಜಿನಲ್ಲಿ ಟೋರ್ಟಿಯಾ ಚೂರು ಎತ್ತಿ ಹಿಡಿದು
ಬಾ, ಬಾ, ಅನ್ನುತ್ತಿದ್ದಾಳೆ.